ಹಳೆ ಗಾಡಿಗೆ ಎಂಜಿನ್ ಆಯಿಲ್ ಆರಿಸುವ ಕ್ರಮ: ಬುಲೆಟ್, ಯೆಜ್ಡಿ, ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆ

ಹಳೆ ಗಾಡಿ ಇಟ್ಟುಕೊಂಡವರು ಆಯಿಲ್ ಬಗ್ಗೆ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಯಾವ ಕಂಪನಿದು ಹಾಕಿಸಲಿ?" ಅಂಬಾಸಿಡರ್‌ಗೆ 5ಡಬ್ಲ್ಯೂ-30 ಅನ್ನುವ ತೆಳು ಆಯಿಲ್ ಹಾಕಿ ಆಯಿಲ್ ಲೈಟ್ ಮಿಣುಕುವುದನ್ನು ನೋಡುತ್ತಾ ಕೂತವರಿದ್ದಾರೆ. ಬುಲೆಟ್‌ನ ಕ್ಲಚ್ ಕೇಸಿಗೆ ಕಾರಿನ ಆಯಿಲ್ ಸುರಿದು ಪ್ಲೇಟ್ ಜಾರಿಸಿಕೊಂಡವರಿದ್ದಾರೆ. ವರ್ಷಗಟ್ಟಲೆ ನಿಂತಿದ್ದ ಪದ್ಮಿನಿಗೆ ಫ್ಲಶ್ (ಒಳಗಿನ ಮಡ್ಡಿ ಕರಗಿಸುವ ದ್ರವ) ಹಾಕಿಸಿ, ವಾರದೊಳಗೆ ಬೇರಿಂಗ್ ಸದ್ದು ಕೇಳಿದವರೂ ಇದ್ದಾರೆ. ಇವರೆಲ್ಲ ತಂದಿದ್ದು ಒಳ್ಳೆ ಕಂಪನಿಯ ಆಯಿಲ್ಲೇ. ತಪ್ಪಿದ್ದು ಕ್ರಮ.

ಕ್ರಮ ಹೀಗಿರಲಿ: ಎಂಜಿನ್ ಯಾವುದು, ಅದರ ಸ್ಥಿತಿ ಏನು, ಎಷ್ಟು ದಪ್ಪದ ಆಯಿಲ್ ಬೇಕು, ಡಬ್ಬದ ಮೇಲೆ ಯಾವ ಅಕ್ಷರ ಇರಬೇಕು. ಇಷ್ಟು ಗೊತ್ತಾದ ಮೇಲೆ ಕಂಪನಿ ಯಾವುದಾದರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ.

## ಶುರು ಮಾಡುವ ಮುಂಚೆ ಬೇಕಾದ ಸಾಮಾನು

ಗಾಡಿಯ ಮೂಲ ಮ್ಯಾನುಯಲ್ ಅಥವಾ ಅದರ ಜೆರಾಕ್ಸ್, ಟಾರ್ಚ್, ಸರಿ ಅಳತೆಯ ರಿಂಗ್ ಸ್ಪ್ಯಾನರ್, ಅಗಲವಾದ ಟ್ರೇ, ಮಿಲಿ ಗುರುತಿರುವ ಅಳತೆ ಜಾರ್, ಒಂದು ಸಣ್ಣ ಮ್ಯಾಗ್ನೆಟ್, ಬನಿಯನ್ ವೇಸ್ಟ್, ಬಿಳಿ ಹಾಳೆ, ಹೊಸ ತಾಮ್ರದ ವಾಷರ್. ಕಾರಾದರೆ ಕಂಪ್ರೆಷನ್ ಗೇಜ್ ಮತ್ತು ಮೆಕ್ಯಾನಿಕಲ್ ಆಯಿಲ್ ಪ್ರೆಷರ್ ಗೇಜ್ ಬಾಡಿಗೆಗೋ ಸ್ನೇಹಿತರಿಂದಲೋ ತನ್ನಿ. ಡ್ರೈನ್ ಬೋಲ್ಟಿಗೆ ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಬೇಡಿ. ಹಳೆ ಬೋಲ್ಟಿನ ಮೂಲೆ ಆಗಲೇ ಅರ್ಧ ಸವೆದಿರುತ್ತದೆ, ಇನ್ನೊಂದು ಸಲ ಜಾರಿದರೆ ವೆಲ್ಡಿಂಗ್ ಅಂಗಡಿಗೇ ಹೋಗಬೇಕು.

ಒಂದು ನೋಟ್‌ಬುಕ್ಕೂ ಬೇಕು. ಮುಂದೆ ಬರೆದುಕೊಳ್ಳುವುದು ಜಾಸ್ತಿ ಇದೆ.

## ಹಂತ 1: ಎಂಜಿನ್ನಿನ ಗುರುತು ಹಿಡಿಯಿರಿ

ಗಾಡಿಯ ಹೆಸರಷ್ಟೇ ಸಾಲದು. ಅಂಬಾಸಿಡರ್ ಅಂದರೆ ಒಂದೇ ಎಂಜಿನ್ ಅಲ್ಲ. 1489 ಸಿಸಿಯ ಹಳೆ ಬಿಎಂಸಿ ಪೆಟ್ರೋಲ್ ಇದೆ, ಅಷ್ಟೇ ಸಿಸಿಯ ಡೀಸೆಲ್ ಇದೆ, ಆಮೇಲೆ ಬಂದ 1.8 ಲೀಟರ್ ಇಸುಜು ಪೆಟ್ರೋಲ್ ಇದೆ. ಬುಲೆಟ್‌ನಲ್ಲೂ ಹಾಗೇ. ಹಳೆ ಕಾಸ್ಟ್ ಐರನ್ ಎಂಜಿನ್‌ಗೆ ಎಂಜಿನ್ ಆಯಿಲ್, ಕ್ಲಚ್ ಕೇಸಿನ ಆಯಿಲ್, ಗೇರ್‌ಬಾಕ್ಸ್ ಆಯಿಲ್ ಮೂರೂ ಬೇರೆ ಬೇರೆ. ಆಮೇಲಿನ, ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕೇಸಿನಲ್ಲಿರುವ ಯುಸಿಇ ಎಂಜಿನ್‌ನಲ್ಲಿ ಮೂರಕ್ಕೂ ಒಂದೇ ಆಯಿಲ್. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಆಗುವ ತಪ್ಪು ಬಹಳ.

ನೋಟ್‌ಬುಕ್ಕಿನಲ್ಲಿ ನಾಲ್ಕು ಉತ್ತರ ಬರೆಯಿರಿ.

ಟೂ-ಸ್ಟ್ರೋಕಾ, ಫೋರ್-ಸ್ಟ್ರೋಕಾ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ 250, ಹಾಗೇ ಹಳೆ ಚೇತಕ್, ಲ್ಯಾಂಬ್ರೆಟ್ಟಾ ಎಲ್ಲ ಟೂ-ಸ್ಟ್ರೋಕ್. ಇವುಗಳ ಎಂಜಿನ್‌ಗೆ ಆಯಿಲ್ ಹೋಗುವುದು ಪೆಟ್ರೋಲ್ ಜೊತೆ ಬೆರೆತು. ಇಂಥ ಗಾಡಿಯವರು 3, 4, 5ನೇ ಹಂತ ಬಿಟ್ಟು ನೇರ 6ಕ್ಕೆ ಹೋಗಬಹುದು.

ಕ್ಲಚ್ ಆಯಿಲ್‌ನಲ್ಲಿ ಮುಳುಗಿದೆಯಾ? ಬೈಕುಗಳಲ್ಲಿ ಸಾಮಾನ್ಯವಾಗಿ ಹೌದು. ಅಂಬಾಸಿಡರ್, ಪದ್ಮಿನಿ, ಜೀಪ್‌ಗಳಲ್ಲಿ ಇಲ್ಲ, ಅಲ್ಲಿ ಒಣ ಕ್ಲಚ್.

ಫಿಲ್ಟರ್ ಎಂಥದ್ದು? ಕಾಸ್ಟ್ ಐರನ್ ಬುಲೆಟ್‌ನಲ್ಲಿ ಬಟ್ಟೆಯಂಥ ಫೆಲ್ಟ್ ಫಿಲ್ಟರ್ ಇದೆ. ಹಳೆ ವಿಲ್ಲೀಸ್ ಜೀಪಿನಲ್ಲಿ ಬೈಪಾಸ್ ಫಿಲ್ಟರ್, ಅಂದರೆ ಆಯಿಲ್‌ನ ಒಂದು ಪಾಲು ಮಾತ್ರ ಅದರ ಮೂಲಕ ಹೋಗುತ್ತದೆ, ಉಳಿದದ್ದು ಸೋಸದೇ ಬೇರಿಂಗಿಗೆ ಹೋಗುತ್ತದೆ. ಫಿಲ್ಟರ್ ಕಮ್ಮಿ ಇದ್ದಷ್ಟೂ ಆಯಿಲ್ ಬೇಗ ಬದಲಿಸಬೇಕು.

ಟ್ಯಾಪೆಟ್ (ಕ್ಯಾಮ್‌ನ ತಳ್ಳನ್ನು ವಾಲ್ವ್ ಕಡೆ ಸಾಗಿಸುವ ಭಾಗ) ಚಪ್ಪಟೆಯದಾ? 1489 ಸಿಸಿ ಅಂಬಾಸಿಡರ್, 1089 ಸಿಸಿ ಪದ್ಮಿನಿ, ಕಾಸ್ಟ್ ಐರನ್ ಬುಲೆಟ್ ಮೂರೂ ಪುಷ್‌ರಾಡ್ ಎಂಜಿನ್. ಕ್ಯಾಮ್ ಮೇಲೆ ಟ್ಯಾಪೆಟ್ ಉರುಳುವುದಿಲ್ಲ, ಉಜ್ಜಿಕೊಂಡೇ ಹೋಗುತ್ತದೆ. ಇದು ಯಾಕೆ ಮುಖ್ಯ ಅನ್ನುವುದು 4ನೇ ಹಂತದಲ್ಲಿದೆ.

## ಹಂತ 2: ಒಳಗಿರುವ ಆಯಿಲ್ ನೋಡಿ

ಹೊಸ ಆಯಿಲ್ ಕೊಳ್ಳುವ ಮುಂಚೆ ಹಳೆಯದನ್ನು ನೋಡಿ. ಸುಮಾರು ಜನ ಈ ಹಂತ ಬಿಟ್ಟುಬಿಡುತ್ತಾರೆ. ಎಂಜಿನ್ ತನ್ನ ಕಾಯಿಲೆ ಹೇಳಿಕೊಳ್ಳುವುದೇ ಇಲ್ಲಿ.

ಎಂಜಿನ್ ಬಿಸಿ ಮಾಡಿ, ಡಿಪ್‌ಸ್ಟಿಕ್ ತೆಗೆದು ಒಂದು ತೊಟ್ಟನ್ನು ಬಿಳಿ ಹಾಳೆ ಮೇಲೆ ಬಿಡಿ. ಒಂದು ಗಂಟೆ ಹಾಗೇ ಇರಲಿ. ನಡುವೆ ಬೂದು ಬಣ್ಣ, ಸುತ್ತ ತಿಳಿ ಕಂದು ಉಂಗುರವಾಗಿ ಹರಡಿದರೆ ಪರವಾಗಿಲ್ಲ. ನಡುವೆ ಡಾಂಬರಿನ ಚುಕ್ಕಿಯಂತೆ ಕಪ್ಪಾಗಿ ನಿಂತು ಆಚೆ ಹರಡದೇ ಇದ್ದರೆ ಆ ಆಯಿಲ್ ಮುಗಿದಿದೆ, ಒಳಗೆ ಮಡ್ಡಿ ಕೂತಿರುವ ಸಾಧ್ಯತೆ ಜಾಸ್ತಿ.

ಆಮೇಲೆ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಮಟ್ಟವೂ ಏರಿದ್ದರೆ, ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಇರುವ ಕಾರಿನಲ್ಲಿ ಡಯಾಫ್ರಾಮ್ ಹರಿದು ಪೆಟ್ರೋಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಯುತ್ತಿದೆ ಅಂತ ಅನುಮಾನಿಸಿ. ಅದನ್ನು ಸರಿ ಮಾಡದೆ ಎಂಥ ಆಯಿಲ್ ಹಾಕಿದರೂ ನೀರಾಗುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಫಿಲ್ಲರ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ನೊರೆಯಿದ್ದರೆ ಅದು ಗಾಡಿ ಹತ್ತಿರ ಹತ್ತಿರವೇ ಓಡಿದ್ದರಿಂದ ಕೂತ ತೇವ, ಒಂದು ಲಾಂಗ್ ರೈಡ್‌ಗೆ ಹೋಗುತ್ತದೆ. ಡಿಪ್‌ಸ್ಟಿಕ್ಕಲ್ಲೇ ಹಾಗಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಕಾರಾದರೆ ಕಂಪ್ರೆಷನ್ ಅಳೆಯಿರಿ. ಕಮ್ಮಿ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಈ ಸಲ ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ತೊಂದರೆ. ಹೊಗೆ ನೋಡಿಯೂ ಹೇಳಬಹುದು: ಆಕ್ಸಿಲರೇಟರ್ ತುಳಿದಾಗ ನೀಲಿ ಹೊಗೆ ಬಂದರೆ ರಿಂಗ್, ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ತುಳಿದಾಗ ಬಂದರೆ ವಾಲ್ವ್ ಗೈಡ್.

ರಿಂಗ್ ಹೋದ ಎಂಜಿನ್‌ಗೆ ದಪ್ಪ ಆಯಿಲ್ ಹಾಕಿ ಹೊಗೆ ಮುಚ್ಚಿಡುವುದು ಹಳೆ ಚಾಳಿ. ಮಾರಾಟಕ್ಕಿರುವ ಗಾಡಿಗಳಲ್ಲಂತೂ ಇದು ಮಾಮೂಲು. ಕೆಲವು ತಿಂಗಳು ನಡೆಯುತ್ತದೆ, ಆಮೇಲೆ ಬೋರ್ ಮಾಡಿಸಲೇಬೇಕು.

## ಹಂತ 3: ದಪ್ಪ ತೀರ್ಮಾನ ಮಾಡಿ

20ಡಬ್ಲ್ಯೂ-50 ಅಂದರೆ ಏನು? ಮೊದಲ ಸಂಖ್ಯೆ, ಡಬ್ಲ್ಯೂ ಇರುವುದು, ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಆಯಿಲ್ ಹಾಗೆ ಆಗಬಾರದು. ಎರಡನೆಯ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. 40ರ ಆಯಿಲ್ ಅಂದರೆ ಆ ಬಿಸಿಯಲ್ಲಿ ದಪ್ಪದ ಅಳತೆಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್‌ನೊಳಗೆ, 50 ಅಂದರೆ 16.3ರಿಂದ 21.9ರೊಳಗೆ. 30 ಇನ್ನೂ ತೆಳು, 9.3ರಿಂದ 12.5.

20ಡಬ್ಲ್ಯೂ ಆಯಿಲ್‌ನ ಚಳಿ ಪರೀಕ್ಷೆ ನಡೆಯುವುದು ಮೈನಸ್ 15 ಡಿಗ್ರಿಯಲ್ಲಿ. ಮಡಿಕೇರಿಯ ಡಿಸೆಂಬರ್ ಬೆಳಗಿಗೂ ಅದಕ್ಕೂ ಬಹಳ ದೂರ. ಹಾಗಾಗಿ ನಮ್ಮ ಕಡೆ ಡಬ್ಲ್ಯೂ ಹಿಂದಿನ ಸಂಖ್ಯೆಗೆ ತಲೆ ಕೆಡಿಸಿಕೊಳ್ಳಬೇಡಿ, 15 ಆದರೂ ಸರಿ, 20 ಆದರೂ ಸರಿ. ಲಡಾಖ್‌ಗೆ ಬುಲೆಟ್ ತಗೊಂಡು ಹೋಗುವವರು ಮಾತ್ರ 15ಡಬ್ಲ್ಯೂ-50 ಹಾಕಿಸಿಕೊಂಡರೆ ಬೆಳಗ್ಗೆ ಕಿಕ್ ಸ್ವಲ್ಪ ಹಗುರ.

ಯೋಚಿಸಬೇಕಾದ್ದು ಎರಡನೇ ಸಂಖ್ಯೆ. ಹಳೆ ಮ್ಯಾನುಯಲ್ ತೆರೆದರೆ "ಚಳಿಗೆ ಎಸ್‌ಎಇ 30, ಬೇಸಿಗೆಗೆ ಎಸ್‌ಎಇ 40" ಅಂತಲೋ, ಬೇಸಿಗೆಗೆ 50 ಅಂತಲೋ ಇರುತ್ತದೆ. ಅದು ಒಂದೇ ಸಂಖ್ಯೆಯ ಸಿಂಗಲ್ ಗ್ರೇಡ್ ಆಯಿಲ್ ಕಾಲದ ಮಾತು (ಎಸ್‌ಎಇ ಅಂದರೆ ದಪ್ಪ ಗುರುತಿಸುವ ಮಾನಕ). ಈಗಿನ ಲೆಕ್ಕಕ್ಕೆ ತಂದರೆ ಮ್ಯಾನುಯಲ್ 30-40 ಅಂದಲ್ಲಿ 20ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40, 40-50 ಅಂದಲ್ಲಿ 20ಡಬ್ಲ್ಯೂ-50. ಕಾಸ್ಟ್ ಐರನ್ ಬುಲೆಟ್‌ಗೆ 20ಡಬ್ಲ್ಯೂ-50 ಅನ್ನುವುದರಲ್ಲಿ ಅನುಮಾನ ಬೇಡ. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ ಅದು, ಟ್ರಾಫಿಕ್‌ನಲ್ಲಿ ನಿಂತರೆ ಆಯಿಲ್ ಬಿಸಿ ಎಲ್ಲಿಗೋ ಹೋಗುತ್ತದೆ.

ನೀರಿನಿಂದ ತಣ್ಣಗಾಗುವ ಎಂಜಿನ್‌ಗೆ 40 ಬೇಕೋ 50 ಬೇಕೋ ಅನ್ನುವುದನ್ನು ಊರಿನ ಬಿಸಿಲು ಮತ್ತು ಆಯಿಲ್ ಪ್ರೆಷರ್ ಎರಡೂ ಸೇರಿ ಹೇಳಬೇಕು. ಮೆಕ್ಯಾನಿಕಲ್ ಗೇಜ್ ಕಟ್ಟಿ, ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಆಮೇಲೆ ನೋಡಿ. ಪ್ರತಿ 1000 ಆರ್‌ಪಿಎಮ್‌ಗೆ ಸುಮಾರು 10 ಪಿಎಸ್‌ಐ ಇರಬೇಕು ಅನ್ನುವುದು ಹಳೆ ಮೆಕ್ಯಾನಿಕ್‌ಗಳ ಕೈಲೆಕ್ಕ. ಮ್ಯಾನುಯಲ್‌ನಲ್ಲಿ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. 20ಡಬ್ಲ್ಯೂ-40ರಲ್ಲಿ ಇಷ್ಟು ಬಂದರೆ ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನಲ್ಲಿ ಅದೇ ಸಾಕು. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿ ಗೇಜ್ ಮುಳ್ಳು ಇಳಿಯುತ್ತಿದ್ದರೆ 50ಕ್ಕೆ ಏರಿಸಿ.

ಇಲ್ಲೊಂದು ಎಚ್ಚರಿಕೆ. ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವುದು ಸುಳ್ಳು. ಗೇಜ್‌ನಲ್ಲಿ ಪ್ರೆಷರ್ ಜಾಸ್ತಿ ತೋರಿಸಿದರೆ ಆಯಿಲ್ ಜಾಸ್ತಿ ಹರಿಯುತ್ತಿದೆ ಅಂತಲ್ಲ. ತೀರಾ ದಪ್ಪದ ಆಯಿಲ್ ಹಾಕಿದರೆ ಪ್ರೆಷರ್ ಮಿತಿ ಮೀರದಂತೆ ಕಾಯುವ ರಿಲೀಫ್ ವಾಲ್ವ್ ತೆರೆದುಕೊಂಡು ಪಂಪ್ ತಳ್ಳಿದ್ದರಲ್ಲಿ ಒಂದಷ್ಟು ವಾಪಸ್ ಸಂಪಿಗೇ ಬೀಳುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ರಾಕರ್‌ವರೆಗೆ ಆಯಿಲ್ ಏರಲು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಅಲ್ಲಿ ಸವೆತ. ಚೆನ್ನಾಗಿ ರೀಬಿಲ್ಡ್ ಆದ, ಗ್ಯಾಪ್ ಬಿಗಿ ಇರುವ ಎಂಜಿನ್‌ಗೆ 60 ತಂದು ಸುರಿಯಬೇಡಿ.

ತಿರುಗಾ ಮುರುಗಾ ತಪ್ಪೂ ಉಂಟು: 0ಡಬ್ಲ್ಯೂ-20, 5ಡಬ್ಲ್ಯೂ-30. ಇವು ಹೊಸ ಕಾರಿನ ಬಿಗಿಯಾದ ಬೇರಿಂಗ್‌ಗೆ ಮಾಡಿದವು. ಹಳೆ ಎಂಜಿನ್‌ಗೆ ಬೇಡವೇ ಬೇಡ.

## ಹಂತ 4: ಡಬ್ಬದ ಹಿಂಭಾಗ ಓದಿ

ಡಬ್ಬದ ಮುಂದೆ ಸಿಂಹವೋ ರೇಸ್ ಬೈಕೋ ಇರುತ್ತದೆ. ಓದಬೇಕಾದ್ದು ಹಿಂದೆ, ಸಣ್ಣಕ್ಷರದಲ್ಲಿ.

ಎಪಿಐ (ಆಯಿಲ್ ದರ್ಜೆ ನಿಗದಿ ಮಾಡುವ ಅಮೆರಿಕದ ಸಂಸ್ಥೆ) ಅಂತ ಇರುವ ಕಡೆ ಎರಡಕ್ಷರ ನೋಡಿ. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಎಂಜಿನ್‌ಗೆ, ಸಿಯಿಂದ ಶುರುವಾದರೆ ಡೀಸೆಲ್‌ಗೆ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು: ಎಸ್‌ಎಫ್, ಎಸ್‌ಜಿ, ಎಸ್‌ಜೆ, ಎಸ್‌ಎಲ್, ಎಸ್‌ಎಮ್, ಎಸ್‌ಎನ್, ಎಸ್‌ಪಿ. ಎಸ್‌ಎ, ಎಸ್‌ಬಿ ಅಂತಿರುವ ಅಗ್ಗದ ಆಯಿಲ್ ಎಲ್ಲಾದರೂ ಕಂಡರೆ ಮುಟ್ಟಬೇಡಿ. "ಹಳೆ ಗಾಡಿಗೆ ಹಳೆ ಆಯಿಲ್" ಅಂತ ಅಂಗಡಿಯವರು ಕೊಟ್ಟಾರು. ಸವೆತ ತಡೆಯುವ, ಮಡ್ಡಿ ಕರಗಿಸುವ ಮದ್ದು ಅದರಲ್ಲಿ ಇಲ್ಲವೇ ಇಲ್ಲ ಅನ್ನಬೇಕು.

ಈಗ ಚಪ್ಪಟೆ ಟ್ಯಾಪೆಟ್ ವಿಷಯ. ಕ್ಯಾಮ್ ಮತ್ತು ಟ್ಯಾಪೆಟ್ ಉಜ್ಜುವ ಜಾಗದಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಜಿಂಕ್ ಮತ್ತು ಫಾಸ್ಫರಸ್ ಸೇರಿದ ಜಡ್‌ಡಿಡಿಪಿ ಅನ್ನುವ ಮದ್ದು. ಹೊಸ ಕಾರಿನ ಸೈಲೆನ್ಸರ್ ಸಾಲಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಫಾಸ್ಫರಸ್ ಆಗುವುದಿಲ್ಲ, ಹಾಗಾಗಿ ಅದನ್ನು ಕಮ್ಮಿ ಮಾಡುತ್ತಾ ಬಂದರು. ಎಸ್‌ಎಮ್‌ನಿಂದ ಈಚೆಗೆ ಫಾಸ್ಫರಸ್ ಶೇ 0.08 ದಾಟಬಾರದು.

ಇಷ್ಟು ಕೇಳಿ "ಹೊಸ ಆಯಿಲ್ ಹಾಕಿದರೆ ಕ್ಯಾಮ್ ಹೋಯ್ತು" ಅಂತ ಗಾಬರಿ ಬೀಳುವವರು ಜಾಸ್ತಿ. ಅವರು ಬಿಟ್ಟ ಮಾತೊಂದಿದೆ. ಆ ಮಿತಿ ಇರುವುದು 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ತೆಳು ಗ್ರೇಡ್‌ಗಳಿಗೆ. 15ಡಬ್ಲ್ಯೂ-40, 20ಡಬ್ಲ್ಯೂ-50ಕ್ಕೆ ಆ ಮಿತಿ ಇಲ್ಲ. ಹಾಗಂತ ಎಲ್ಲ 20ಡಬ್ಲ್ಯೂ-50ನಲ್ಲೂ ಸಾಕಷ್ಟು ಇದೆ ಅಂತಲೂ ಅಲ್ಲ. ಕಂಪನಿಯ ಡೇಟಾ ಶೀಟ್ ತೆಗೆದು ನೋಡಿ: ಫಾಸ್ಫರಸ್ ಶೇ 0.10ರ ಆಸುಪಾಸಿನಲ್ಲಿ, ಅಥವಾ 1000 ಪಿಪಿಎಂ ಅಂತ ಇದ್ದರೆ, ಚಪ್ಪಟೆ ಟ್ಯಾಪೆಟ್‌ಗೆ ನೆಮ್ಮದಿ. ಶೀಟಿನಲ್ಲಿ ಆ ಅಂಕಿಯೇ ಇಲ್ಲದಿದ್ದರೆ ಜಾಸೋ ಎಂಎ (ಜಪಾನಿನ ಮಾನಕ) ಗುರುತಿರುವ ಬೈಕ್ ಆಯಿಲ್ ಕಡೆ ನೋಡಿ. ಆ ಗುರುತು ಸಿಗಬೇಕಾದರೆ ಫಾಸ್ಫರಸ್ ಶೇ 0.08ರಿಂದ 0.12ರ ನಡುವೆ ಇರಬೇಕು.

ಜಿಂಕ್ ಅಂತ ಬೇರೆ ಬಾಟಲಿಯಲ್ಲಿ ಮಾರುವುದನ್ನು ಆಯಿಲ್‌ಗೆ ಬೆರೆಸುವುದು ನನಗಂತೂ ಇಷ್ಟವಿಲ್ಲ. ಅಳತೆ ಮೀರಿದರೆ ಅದೇ ಮದ್ದು ಲೋಹವನ್ನು ತಿನ್ನಲು ಶುರು ಮಾಡುತ್ತದೆ. ಸರಿಯಾದ ಆಯಿಲ್ ಸಿಗುವಾಗ ಈ ಸರ್ಕಸ್ ಯಾಕೆ?

ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವ ಗಾಡಿಗೆ ಜಾಸೋ ಎಂಎ ಅಥವಾ ಎಂಎ2 ಇರಲೇಬೇಕು. ಎಂಬಿ ಅಂತಿದ್ದರೆ ಅದು ಜಾರುವ ಆಯಿಲ್, ಗೇರ್ ಇಲ್ಲದ ಸ್ಕೂಟರ್‌ಗೆ. ಎಪಿಐ ಉಂಗುರದ ಕೆಳಗೆ ಇಂಧನ ಉಳಿತಾಯದ ಸಾಲು ಇದ್ದರೂ ವಾಪಸ್ ಇಡಿ. ಉಜ್ಜಾಟ ಕಮ್ಮಿ ಮಾಡುವ ಮದ್ದು ಅದರಲ್ಲಿರುತ್ತದೆ, ಕ್ಲಚ್ ಪ್ಲೇಟ್‌ಗೆ ಬೇಕಾದ್ದೇ ಉಜ್ಜಾಟ.

ಲಾರಿಗೆ ಹಾಕುವ 15ಡಬ್ಲ್ಯೂ-40 ಡೀಸೆಲ್ ಆಯಿಲ್ಲನ್ನು ಹಳೆ ಕಾರಿಗೆ ಹಾಕುವವರಿದ್ದಾರೆ. ಅದರಲ್ಲಿ ಜಿಂಕ್ ಚೆನ್ನಾಗಿರುತ್ತದೆ, ನಿಜ. ಜೊತೆಗೆ ಮಡ್ಡಿ ಕರಗಿಸುವ ಮದ್ದೂ ಜೋರಾಗಿರುತ್ತದೆ. ಒಳಗೆ ಸ್ವಚ್ಛ ಇರುವ ಎಂಜಿನ್‌ಗೆ ನಡೆಯುತ್ತದೆ. ಮಡ್ಡಿ ತುಂಬಿದ ಎಂಜಿನ್‌ಗೆ ಬೇಡ. ಡಬ್ಬದ ಮೇಲೆ ಎಸ್ ಗುರುತೂ ಇದೆಯಾ ನೋಡಿ.

## ಹಂತ 5: ಮಿನರಲ್ಲಾ, ಸಿಂಥೆಟಿಕ್ಕಾ?

ಹಳೆ ಪ್ಯಾಕಿಂಗ್, ಕಾರ್ಕ್ ಗ್ಯಾಸ್ಕೆಟ್, ಹಗ್ಗದ ಸೀಲ್ ಇರುವ ಎಂಜಿನ್‌ಗೆ ಮಿನರಲ್ ಆಯಿಲ್ ಸಾಕು. ಸಿಂಥೆಟಿಕ್ ಹಾಕಿದರೆ ಸೀಲ್ ಹಾಳಾಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಮಡ್ಡಿ ಕೂತು ತಾನಾಗಿ ಮುಚ್ಚಿಕೊಂಡಿದ್ದ ಸಂದು ಮತ್ತೆ ತೆರೆದುಕೊಳ್ಳುತ್ತದೆ, ಸೋರಿಕೆ ಆಗ ಕಣ್ಣಿಗೆ ಬೀಳುತ್ತದೆ. ಹೊಸ ಸೀಲ್ ಹಾಕಿಸಿ ಪೂರ್ತಿ ಬಿಚ್ಚಿ ಕಟ್ಟಿದ ಎಂಜಿನ್‌ಗೆ 20ಡಬ್ಲ್ಯೂ-50 ಸೆಮಿ ಸಿಂಥೆಟಿಕ್ ಹಾಕಿದರೆ ತಪ್ಪೇನಿಲ್ಲ. ಆದರೆ ವರ್ಷಕ್ಕೆ 1000 ಕಿ.ಮೀ. ಓಡುವ ಗಾಡಿಗೆ ದುಬಾರಿ ಆಯಿಲ್ ಹಾಕಿ ಎರಡು ವರ್ಷ ಬಿಡುವುದಕ್ಕಿಂತ, ಸಾಧಾರಣ ಮಿನರಲ್ ಹಾಕಿ ವರ್ಷಕ್ಕೊಮ್ಮೆ ಬದಲಿಸುವುದು ಮೇಲು.

ಮುಖ್ಯ ಅಪಾಯ ಇರುವುದು ವರ್ಷಗಟ್ಟಲೆ ನಿಂತ ಗಾಡಿಯಲ್ಲಿ. ಫ್ಲಶ್ ಹಾಕಬೇಡಿ. ತಳದಲ್ಲಿ ಕೂತ ಮಡ್ಡಿ ಒಂದೇ ಸಲ ಎದ್ದರೆ ನೇರ ಹೋಗುವುದು ಪಂಪಿನ ಸ್ಟ್ರೈನರ್ ಜಾಲರಿಗೆ. ಅದು ಕಟ್ಟಿಕೊಂಡರೆ ಬೇರಿಂಗ್ ಒಣಗುತ್ತದೆ. ಆಗುವುದಾದರೆ ಸಂಪ್ ಇಳಿಸಿ ಕೈಯಿಂದಲೇ ಕ್ಲೀನ್ ಮಾಡಿಸಿ. ಆಗದಿದ್ದರೆ ಸಾಧಾರಣ ಆಯಿಲ್ ಹಾಕಿ 200 ಕಿ.ಮೀ. ನಿಧಾನ ಓಡಿಸಿ ಬದಲಿಸಿ, ಮತ್ತೆ 500ಕ್ಕೆ ಬದಲಿಸಿ, ಎರಡೂ ಸಲ ಫಿಲ್ಟರ್ ಸಮೇತ. ಒಳ್ಳೆ ಆಯಿಲ್ ಆಮೇಲೆ.

## ಹಂತ 6: ಟೂ-ಸ್ಟ್ರೋಕ್ ಗಾಡಿಗೆ

ಇಲ್ಲಿ 20ಡಬ್ಲ್ಯೂ-50 ಲೆಕ್ಕಕ್ಕೇ ಬರುವುದಿಲ್ಲ. ಪೆಟ್ರೋಲ್ ಜೊತೆ ಸೇರಿ ಉರಿದು ಹೋಗುವ 2ಟಿ ಆಯಿಲ್ ಬೇಕು. ಡಬ್ಬದ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ, ಜೊತೆಗೆ ಎಪಿಐ ಟಿಸಿ ಇರಲಿ. ದೋಣಿ ಎಂಜಿನ್‌ನ ಆಯಿಲ್ ಕರಾವಳಿಯಲ್ಲಿ ಸುಲಭವಾಗಿ ಸಿಗುತ್ತದೆ, ಟಿಸಿ-ಡಬ್ಲ್ಯೂ3 ಅಂತ ಬರೆದಿರುತ್ತದೆ. ಅದು ನೀರಿನಿಂದ ತಣ್ಣಗಾಗುವ ಎಂಜಿನ್‌ಗೆ ಮಾಡಿದ್ದು. ಯೆಜ್ಡಿಗೆ ಬೇಡ.

ಅಳತೆ ಮ್ಯಾನುಯಲ್‌ನಲ್ಲಿ ಇದ್ದಂತೆ. 1:25 ಅಂದರೆ ಲೀಟರಿಗೆ 40 ಮಿಲಿ, 1:33 ಅಂದರೆ 30, 1:40 ಅಂದರೆ 25, 1:50 ಅಂದರೆ 20. ಜಾರ್‌ನಲ್ಲಿ ಅಳೆದೇ ಹಾಕಿ. "ಇರಲಿ, ಸೇಫ್ಟಿಗೆ ಸ್ವಲ್ಪ ಜಾಸ್ತಿ" ಅನ್ನುವುದು ಇಲ್ಲಿ ಉಲ್ಟಾ ಹೊಡೆಯುತ್ತದೆ. ಕಾರ್ಬುರೇಟರ್‌ನ ಜೆಟ್ ತೂತು ಅಷ್ಟೇ ಇರುತ್ತದೆ. ಅದರಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಕಮ್ಮಿ ಹೋಗುತ್ತದೆ, ಎಂಜಿನ್ ಬಿಸಿ ಏರುತ್ತದೆ. ಪ್ಲಗ್ ಕಪ್ಪಾಗಿ ಒದ್ದೆ ಆಗುವುದು, ಸೈಲೆನ್ಸರ್‌ನಲ್ಲಿ ಇಂಗಾಲ ಕಟ್ಟುವುದು ಬೇರೆ.

ಪೆಟ್ರೋಲ್‌ನಲ್ಲಿ ಈಗ ಎಥೆನಾಲ್ ಇದೆ, ಅದು ತೇವ ಎಳೆಯುತ್ತದೆ. ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ.

ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವವರಿಗೆ ಇನ್ನೊಂದು ಮಾತು. ಥ್ರಾಟಲ್ ಪೂರ್ತಿ ಮುಚ್ಚಿ ಎಂಜಿನ್ ಬ್ರೇಕ್‌ನಲ್ಲೇ ಇಳಿದರೆ ಪೆಟ್ರೋಲ್ ನಿಲ್ಲುತ್ತದೆ, ಅದರ ಜೊತೆಗೇ ಆಯಿಲ್ಲೂ ನಿಲ್ಲುತ್ತದೆ. ಚಕ್ರ ಮಾತ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಪಿಸ್ಟನ್ ಜಾಮ್ ಆಗುವುದು ಹೀಗೆ. ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಥ್ರಾಟಲ್ ಒಮ್ಮೆ ತಿರುವಿ.

## ಹಂತ 7: ಗೇರ್‌ಬಾಕ್ಸ್, ಕ್ಲಚ್ ಕೇಸ್ ಮರೆಯಬೇಡಿ

ಜಾವಾ, ಯೆಜ್ಡಿಯಲ್ಲಿ ಗೇರ್, ಕ್ಲಚ್, ಪ್ರೈಮರಿ ಚೈನ್ ಮೂರೂ ಒಂದೇ ಆಯಿಲ್‌ನಲ್ಲಿ. ಜಾಸೋ ಎಂಎ ಇರುವ 20ಡಬ್ಲ್ಯೂ-40 ಸಾಕು. ಚೇತಕ್‌ನಂಥ ವೆಸ್ಪಾ ವಂಶದ ಸ್ಕೂಟರ್‌ಗಳಲ್ಲಿ ಸುಮಾರು 250 ಮಿಲಿ ಎಂಜಿನ್ ಆಯಿಲ್ಲೇ ಗೇರ್‌ಬಾಕ್ಸಿಗೆ. ಅಲ್ಲಿಗೆ 90 ನಂಬರ್ ಗೇರ್ ಆಯಿಲ್ ಹಾಕಿದರೆ ಕ್ಲಚ್ ಅಂಟಿಕೊಳ್ಳುತ್ತದೆ. ಕಾಸ್ಟ್ ಐರನ್ ಬುಲೆಟ್‌ನ ಕ್ಲಚ್ ಕೇಸಿಗೂ ಎಂಎ ಗುರುತಿನದೇ ಹಾಕಿ.

ಕಾರಿನ ಗೇರ್‌ಬಾಕ್ಸಿಗೆ ಏನು ಬೇಕು ಅನ್ನುವುದನ್ನು ಮ್ಯಾನುಯಲ್ ನೋಡಿಯೇ ಹಾಕಿ. ಹಳೆಯವುಗಳಲ್ಲಿ ಕೆಲವಕ್ಕೆ ಎಂಜಿನ್ ಆಯಿಲ್, ಕೆಲವಕ್ಕೆ 90. ಹಿತ್ತಾಳೆ, ಕಂಚಿನ ಬಿಡಿಭಾಗ ಇರುವ ಬಾಕ್ಸಿಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಡ, ಅದರಲ್ಲಿರುವ ಗಂಧಕದ ಮದ್ದು ಹಿತ್ತಾಳೆಯನ್ನು ತಿನ್ನುತ್ತದೆ. ಜಿಎಲ್-4 ಕೇಳಿ ತನ್ನಿ.

## ಹಂತ 8: ಕೊಂಡು ತಂದು ಬದಲಿಸುವುದು

ಕೊಳ್ಳುವಾಗ ಮುಚ್ಚಳದ ಸೀಲ್, ಒಳಗಿನ ಫಾಯಿಲ್, ಬ್ಯಾಚ್ ನಂಬರ್ ನೋಡಿ. ಎಂಆರ್‌ಪಿಗಿಂತ ತೀರಾ ಕಮ್ಮಿಗೆ ಕೊಟ್ಟರೆ ಅಲ್ಲೇ ಅನುಮಾನ ಬರಲಿ. ಖಾಲಿ ಡಬ್ಬ ಗುಜರಿಗೆ ಹಾಕುವಾಗ ಕತ್ತರಿಸಿ ಹಾಕಿ, ಇಲ್ಲದಿದ್ದರೆ ಅದೇ ಡಬ್ಬ ತುಂಬಿಕೊಂಡು ಮತ್ತೆ ಯಾರದೋ ಗಾಡಿಗೆ ಹೋಗುತ್ತದೆ.

ಎಂಜಿನ್ ಬಿಸಿ ಇರುವಾಗ ಡ್ರೈನ್ ಮಾಡಿ. ಮೊದಲು ಫಿಲ್ಲರ್ ಮುಚ್ಚಳ ತೆಗೆಯಿರಿ, ಆಮೇಲೆ ಕೆಳಗಿನ ಬೋಲ್ಟ್. ಬುಲೆಟ್‌ನಲ್ಲಿ ಆಯಿಲ್ ಟ್ಯಾಂಕಿಗೂ ಕ್ರ್ಯಾಂಕ್‌ಕೇಸಿಗೂ ಬೇರೆ ಬೇರೆ ಡ್ರೈನ್ ಇದೆ. ಒಂದನ್ನೇ ಬಿಚ್ಚಿ ಹೊಸದನ್ನು ತುಂಬಿದರೆ ಹಳೆಯದು ಒಳಗೇ ಉಳಿಯುತ್ತದೆ, ಮಟ್ಟವೂ ಮೀರುತ್ತದೆ. ಅರ್ಧ ಗಂಟೆ ತೊಟ್ಟಿಕ್ಕಲು ಬಿಡಿ.

ಇಳಿದ ಆಯಿಲ್‌ನಲ್ಲಿ ಮ್ಯಾಗ್ನೆಟ್ ಆಡಿಸಿ. ಬೂದಿಯಂಥ ನಯವಾದ ಪುಡಿ ಅಂಟಿದರೆ ಮಾಮೂಲು ಸವೆತ. ಕೈಗೆ ಚುಚ್ಚುವಂಥ ಚೂರು ಸಿಕ್ಕರೆ ಹೊಸ ಆಯಿಲ್ ಸುರಿಯುವುದನ್ನು ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ. ಮ್ಯಾಗ್ನೆಟ್‌ಗೆ ಅಂಟದೆ ಬಿಸಿಲಿನಲ್ಲಿ ಬೆಳ್ಳಿಯಂತೆಯೋ ತಾಮ್ರದಂತೆಯೋ ಮಿನುಗಿದರೆ ಅದು ಬೇರಿಂಗ್ ಅಥವಾ ಬುಶ್.

ತಾಮ್ರದ ವಾಷರ್ ಹೊಸದು ಸಿಗದಿದ್ದರೆ ಹಳೆಯದನ್ನೇ ಗ್ಯಾಸ್ ಒಲೆ ಮೇಲೆ ಕೆಂಪಗಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ಮೆತ್ತಗಾಗುತ್ತದೆ, ಮತ್ತೆ ಚೆನ್ನಾಗಿ ಕೂರುತ್ತದೆ. ಅಲ್ಯೂಮಿನಿಯಂ ಕೇಸಿಗೆ ಬೋಲ್ಟ್ ಬಿಗಿಯುವಾಗ ಮೈಯೆಲ್ಲ ಬಲ ಹಾಕಬೇಡಿ. ಥ್ರೆಡ್ ಹೋದರೆ ಆಯಿಲ್ ಖರ್ಚಿಗಿಂತ ದೊಡ್ಡ ಖರ್ಚು.

ಅಳೆದು ಹಾಕಿ. ಮ್ಯಾನುಯಲ್ ಹೇಳಿದ್ದಕ್ಕಿಂತ ಕಾಲು ಲೀಟರ್ ಕಮ್ಮಿ ಹಾಕಿ ಸ್ಟಾರ್ಟ್ ಮಾಡಿ, ಎರಡು ನಿಮಿಷ ಬಿಟ್ಟು ನಿಲ್ಲಿಸಿ, ಆಮೇಲೆ ಡಿಪ್‌ಸ್ಟಿಕ್ ನೋಡಿ ತುಂಬಿಸಿ. ಬುಲೆಟ್ ಮಾಲೀಕರು ಇಲ್ಲಿ ಎಡವುವುದು ಜಾಸ್ತಿ. ವಾರಗಟ್ಟಲೆ ನಿಂತ ಬುಲೆಟ್‌ನಲ್ಲಿ ಟ್ಯಾಂಕಿನ ಆಯಿಲ್ ನಿಧಾನ ಕ್ರ್ಯಾಂಕ್‌ಕೇಸಿಗೆ ಸೋರಿಕೊಂಡಿರುತ್ತದೆ. ತಣ್ಣಗಿರುವಾಗ ನೋಡಿದರೆ ಕಡ್ಡಿ ಒಣ. "ಅಯ್ಯೋ ಆಯಿಲ್ಲೇ ಇಲ್ಲ" ಅಂತ ಅರ್ಧ ಲೀಟರ್ ಸುರಿಯುತ್ತಾರೆ. ಸ್ಟಾರ್ಟ್ ಮಾಡಿದ ಮೇಲೆ ಬ್ರೀದರ್ ಪೈಪಿನಿಂದ ಆಯಿಲ್ ಚೆಲ್ಲುತ್ತದೆ, ಬಿಳಿ-ನೀಲಿ ಹೊಗೆ ಬೀದಿ ತುಂಬುತ್ತದೆ. ಐದು ನಿಮಿಷ ಓಡಿಸಿ ಆಮೇಲೆ ನೋಡಿದ್ದರೆ ಮಟ್ಟ ಸರಿಯಾಗೇ ಇರುತ್ತಿತ್ತು.

ಬುಲೆಟ್‌ಗೆ ಪ್ರೆಷರ್ ಗೇಜ್ ಇಲ್ಲ. ಆಯಿಲ್ ಮೇಲಕ್ಕೆ ಬರುತ್ತಿದೆಯಾ ಅಂತ ನೋಡಲು, ಎಂಜಿನ್ ಐಡಲ್‌ನಲ್ಲಿರುವಾಗ ಹೆಡ್‌ಗೆ ಹೋಗುವ ಸಣ್ಣ ಪೈಪಿನ ಬ್ಯಾಂಜೋ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ. ಆಯಿಲ್ ಒಸರಿದರೆ ಬಿಗಿ ಮಾಡಿ. ಅರ್ಧ ನಿಮಿಷವಾದರೂ ಒಸರದಿದ್ದರೆ ಎಂಜಿನ್ ಆಫ್ ಮಾಡಿ. ಪಂಪ್‌ನಲ್ಲಿ ಗಾಳಿ ಹಿಡಿದಿರಬಹುದು, ಫಿಲ್ಟರ್ ತಲೆಕೆಳಗಾಗಿ ಕೂತಿರಲೂಬಹುದು.

ಹೊಸದಾಗಿ ಬೋರ್ ಮಾಡಿಸಿದ ಎಂಜಿನ್‌ಗೆ ಸಾಧಾರಣ ಮಿನರಲ್ ಆಯಿಲ್ಲೇ ಇರಲಿ, ರಿಂಗ್ ಕೂರಬೇಕು. ಕಾರಿಗೆ ಹೊಸ ಕ್ಯಾಮ್ ಹಾಕಿದ್ದರೆ ಅಸೆಂಬ್ಲಿ ಪೇಸ್ಟ್ ಹಚ್ಚಿ, ಮೊದಲ ಸ್ಟಾರ್ಟ್‌ನಲ್ಲಿ ಐಡಲ್‌ಗೆ ಬಿಡದೆ 2000 ಆರ್‌ಪಿಎಮ್ ಆಸುಪಾಸಿನಲ್ಲಿ 20 ನಿಮಿಷ ಓಡಿಸಿ. ನಂತರ 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ.

## ಹಂತ 9: ಬದಲಿಸಿದ ಮೇಲಿನ 500 ಕಿ.ಮೀ.

ಗಾಡಿ ನಿಲ್ಲುವ ಜಾಗದಲ್ಲಿ ರಟ್ಟು ಹಾಸಿ, ಎಲ್ಲಿ ತೊಟ್ಟು ಬೀಳುತ್ತಿದೆ ನೋಡಿ. ನೂರು ಕಿ.ಮೀ.ಗೊಮ್ಮೆ ಮಟ್ಟ ನೋಡಿ ಬರೆದುಕೊಳ್ಳಿ. ಆಯಿಲ್ ಎರಡೇ ದಿನಕ್ಕೆ ಕಪ್ಪಾದರೆ ಗಾಬರಿ ಬೇಡ, ಅದು ಒಳಗಿನ ಕೊಳೆ ಎತ್ತುತ್ತಿದೆ. ಬಿಸಿಯಾದ ಮೇಲೆ ಮಾತ್ರ ಟ್ಯಾಪೆಟ್ ಸದ್ದು ಏರಿದರೆ ಆಯಿಲ್ ತೆಳು, ಒಂದು ಗ್ರೇಡ್ ಏರಿಸಿ. ಬೆಳಗ್ಗೆ ಸ್ಟಾರ್ಟ್ ಆದ ಮೇಲೂ ತುಂಬಾ ಹೊತ್ತು ಸದ್ದು ನಿಲ್ಲದಿದ್ದರೆ ದಪ್ಪ ಜಾಸ್ತಿ ಆಗಿರಬಹುದು. ಏರಿನಲ್ಲಿ ಎಂಜಿನ್ ಕೂಗಿದರೂ ಬೈಕ್ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ, ಕ್ಲಚ್ ಕೇಸಿಗೆ ಯಾವುದು ಹಾಕಿದಿರಿ ಅಂತ ಮತ್ತೆ ನೋಡಿ.

ಓಡಿಸುವಾಗ ಆಯಿಲ್ ಲೈಟ್ ಹತ್ತಿದರೆ "ಮನೆ ಹತ್ತಿರವೇ ಇದೆ" ಅಂತ ಮುಂದೆ ಹೋಗಬೇಡಿ. ಲೈಟ್ ಹತ್ತುವ ಹೊತ್ತಿಗೆ ಪ್ರೆಷರ್ ತೀರಾ ಬಿದ್ದಿರುತ್ತದೆ. ಕೆಳಗಿನಿಂದ ದಪ್ಪನೆಯ ಟಕ್ ಟಕ್ ಸದ್ದು ಬಂದರೂ ಅಷ್ಟೇ, ಅಲ್ಲೇ ನಿಲ್ಲಿಸಿ ಟೋಯಿಂಗ್ ಕರೆಸಿ.

ಮುಂದಿನ ಬದಲಾವಣೆ 2000ದಿಂದ 3000 ಕಿ.ಮೀ.ಗೆ, ಅಥವಾ ವರ್ಷಕ್ಕೆ, ಯಾವುದು ಮೊದಲೋ ಅದು. ಬೈಪಾಸ್ ಫಿಲ್ಟರ್ ಇದ್ದರೆ ಇನ್ನೂ ಬೇಗ. ಮಳೆಗಾಲ ಪೂರ್ತಿ ಗಾಡಿ ಶೆಡ್‌ನಲ್ಲಿ ನಿಲ್ಲುವುದಾದರೆ ನಿಲ್ಲಿಸುವ ಮುಂಚೆಯೇ ಬದಲಿಸಿ. ಹಳೆ ಆಯಿಲ್‌ನಲ್ಲಿ ಆಮ್ಲ, ತೇವ ಸೇರಿರುತ್ತದೆ, ನಾಲ್ಕು ತಿಂಗಳು ಬೇರಿಂಗ್ ಅದರಲ್ಲೇ ನೆನೆಯುವುದು ಬೇಡ. ಇಳಿಸಿದ ಆಯಿಲನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ, ನೋಂದಣಿ ಇರುವ ರೀಸೈಕ್ಲರ್‌ಗೆ ಕಳಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ. ಚರಂಡಿಗೂ ಬೇಡ, ಗೆದ್ದಲಿಗೆ ಅಂತ ಬೇಲಿ ಕಂಬಕ್ಕೂ ಬೇಡ.